ದೇವರನ್ನೇ ಕೇಳಿಬಿಟ್ಟೆವು

ದೇವರ ಮಾತು ತೆಗೆದರೆ ಸಾಕು, ಇಚಲಕರಂಜಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ಏನಾದರೊಂದು ಆಗದೆ ಬಿಡುತ್ತಿರಲಿಲ್ಲ. ಸಾವಿರದ ಒಂಬೈನೂರ ಅರವತ್ತರ ಆಸುಪಾಸಿನ ಮಾತಿದು. ಮಾಲಕರು ಲಿಂಗಪೂಜೆ ಆಗದೆ ನೀರು ಮುಟ್ಟದವರು. ಮಗ್ಗ ರಿಪೇರಿ ಮಾಡುವ ಜಾಬರನೋ, ದೇವರೇ ಇಲ್ಲ ಎನ್ನುವವನು. ಇಬ್ಬರ ಜಗಳದ ನಡುವೆ ಬಟ್ಟೆ ನೇಯುವವನು ನಾನು.

ಕರೆಂಟು

"ಕರೆಂಟ್ ಕಣ್ಣಿಗೆ ಕಾಣತೈತೇನೋ? ಆದ್ರೂ ಮಗ್ಗ ಓಡಾಕತ್ತಿಲ್ಲೇನು? ದೇವ್ರೂ ಹಂಗ" ಎಂದರು ಮಾಲಕರು. ಅವರ ಮಾತು ಮುಗಿಯುವುದಕ್ಕೂ ಲೈಟು ಹೋಗುವುದಕ್ಕೂ ಸರಿಹೋಯಿತು. ಮಗ್ಗಗಳೆಲ್ಲ ಗಪ್ಪಾದವು.

"ಈಗೇನಂತೀರಿ ಮಾಲಕ್ರ?" ಎಂದ ಜಾಬರ.

"ಬರ್ತಾನ, ಕುಂದ್ರು."

ಶ್ರಾವಣ ಸೋಮವಾರ

ಮಧ್ಯಾಹ್ನ ಜಾಬರ ಬುತ್ತಿಯಿಲ್ಲದೆ ಕೂತಿದ್ದ. ಮಾಲಕರಿಗೆ ಹಿಗ್ಗೋ ಹಿಗ್ಗು. ತಮ್ಮ ಫಳಾರದ ಬಾಳೆಹಣ್ಣಿನಲ್ಲಿ ಅರ್ಧ ಕೊಟ್ಟು, "ಉಪಾಸ ಹಿಡದಿಯೇನೋ? ಕಡೀಕೂ ದೇವ್ರನ್ನ ನಂಬಿದಿ!" ಎಂದರು.

"ದೇವ್ರು ಇಲ್ರಿ. ಆದ್ರ ಮನ್ಯಾಗ ಹೇಣ್ತಿ ಅದಾಳಲ್ರಿ. ಒಲೀನ ಹಚ್ಚಿಲ್ಲ."

ಹೂವಿನ ತೀರ್ಪು

ಹೊಸ ಮಗ್ಗ ಬಂತು. ಚಾಲೂ ಮಾಡುವ ಮುಂಚೆ ಕೈ ಮುಗಿ ಎಂದರು ಮಾಲಕರು. ಒಲ್ಲೆ ಎಂದ ಜಾಬರ. ಮಾತಿಗೆ ಮಾತು ಬೆಳೆದು, ಅವನು ರಿಪೇರಿಯ ತನ್ನ ಪಾನಾ, ಪಕ್ಕಡ ಚೀಲಕ್ಕೆ ಹಾಕಿಕೊಂಡು ಹೊರಟೇಬಿಟ್ಟ. ಅವನು ಹೋದರೆ ಮಗ್ಗ ನಿಂತಂತೆ, ನಮ್ಮ ಒಲೆ ಆರಿದಂತೆ. ಅದೂ ಹೋಗಲಿ, ಒಬ್ಬರ ಜೊತೆ ಒಬ್ಬರು ಜಗಳಾಡದಿದ್ದರೆ ಆ ಇಬ್ಬರಿಗೂ ಅನ್ನ ಸೇರುತ್ತಿರಲಿಲ್ಲ.

"ದೇವ್ರನ್ನ ಕೇಳೂಣು ನಡೀರಿ" ಎಂದೆ.

ಗಡಹಿಂಗ್ಲಜದ ಹತ್ತಿರ ಮಾಲಕರ ಹಳ್ಳಿಯಲ್ಲಿ ಹೂ ಕೇಳುವ ಪದ್ಧತಿಯಿತ್ತು. ಪೂಜಾರಿ ದೇವರ ಎರಡೂ ಭುಜಕ್ಕೆ ಒದ್ದೆ ಹೂ ಅಂಟಿಸುತ್ತಾನೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಇಲ್ಲ. ಸೋತರೆ ಕೈ ಮುಗಿಯುತ್ತೇನೆ ಎಂದು ಜಾಬರನೂ ಬಂದ. ಮಾಲಕರು ಕಣ್ಣು ಮುಚ್ಚಿ ಕೇಳಿದರು: "ಯಪ್ಪಾ, ನೀ ಖರೇನ ಅದಿಯೇನು? ಹೇಳಿಬಿಡು."

ಎಡಗಡೆಯ ಹೂ ಬಿತ್ತು.

ಮಾಲಕರ ಮುಖ ಇಷ್ಟೇ ಇಷ್ಟಾಯಿತು. ನನಗೆ ಅಯ್ಯೋ ಅನ್ನಿಸಿತು. ಗೆದ್ದ ಜಾಬರನೂ ನಗಲಿಲ್ಲ. ಮೆಲ್ಲಗೆ ಅವರ ಹತ್ತಿರ ಹೋಗಿ, "ಮನಸಿಗಿ ಹಚ್ಕೋಬ್ಯಾಡ್ರಿ ಮಾಲಕ್ರ. ಇಲ್ಲದಾಂವ ಹೆಂಗ ಉತ್ರ ಕೊಟ್ಟಾನ್ರಿ? ಅದಾನ ತಗೋರಿ" ಎಂದ.

ಮಾಲಕರು ಸಿಡಿದೆದ್ದರು. "ದೇವ್ರು ಸುಳ್ಳು ಹೇಳ್ತಾನೇನೋ? ಇಲ್ಲ ಅಂದಮ್ಯಾಲ ಇಲ್ಲ!"

"ಇಂಥಾ ಪ್ರಶ್ನೆ ಮತ್ತ ತರಬ್ಯಾಡ್ರಿ, ನಾವೂ ಹೊಟ್ಟಿ ತುಂಬ್ಕೋಬೇಕು" ಎಂದು ಪೂಜಾರಿ ಕೈ ಮುಗಿದ.

ಬಸ್ಸು ಇಚಲಕರಂಜಿ ಮುಟ್ಟುವ ತನಕ ವಾದ ನಡೆದೇ ಇತ್ತು. ದೇವರಿದ್ದಾನೆ ಎಂದು ಜಾಬರ, ಇಲ್ಲ ಎಂದು ಮಾಲಕರು.

ಮರುದಿನ ಮಾಲಕರು ಹೊಸ ಮಗ್ಗದ ಮುಂದೆ ಎಂದಿನಂತೆ ಕಣ್ಣು ಮುಚ್ಚಿ ನಿಂತರು. ಬಟನ್ ಮೇಲೆ ಕೈಯಿಟ್ಟು ಜಾಬರ ಸುಮ್ಮನೆ ಕಾದ.

"ಮುಗೀತೇನ್ರಿ?"

"ನಂದ ಮುಗೀತು. ನಿಂದ ಚಾಲೂ ಮಾಡು."