ಎಂಟು ಅಂಚುಪಟ್ಟಿ, ಒಂದು ಏಣಿ, ಒಬ್ಬ ಮಾವ

ನಮ್ಮ ಮನೆಯಲ್ಲಿ ಭಾನುವಾರಕ್ಕೆಂದು ಎತ್ತಿಟ್ಟ ಕೆಲಸಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಈ ವರ್ಷದ ಭಾನುವಾರಗಳು ಸಾಲುವುದಿಲ್ಲ. ಎತ್ತಿಡುವವರು ನನ್ನ ಗಂಡ. ಕಿಟಕಿ ಕಿರುಗುಟ್ಟಿದರೆ "ಭಾನುವಾರ ನೋಡ್ತೀನಿ" ಅನ್ನುತ್ತಾರೆ. ಬಾಗಿಲ ಚಿಲಕ ಕಳಚಿ ಕೈಗೆ ಬಂದರೆ "ಅಲ್ಲೇ ಇಡು, ಭಾನುವಾರ ಹಾಕ್ತೀನಿ" ಅನ್ನುತ್ತಾರೆ. ಯಾವ ಭಾನುವಾರ ಎಂದು ಬಾಯಿತಪ್ಪಿಯೂ ಹೇಳುವುದಿಲ್ಲ. (ವಿಮಾ ಕಚೇರಿಯಲ್ಲಿರುವವರು. ತಾರೀಖು ಹಾಕದೆ ಕೊಟ್ಟ ಮಾತಿನಿಂದ ಯಾರಿಗೂ ತೊಂದರೆಯಿಲ್ಲ ಎಂದು ಅವರಿಗೆ ಗೊತ್ತು.)

ನಮ್ಮ ಹಿತ್ತಲ ಛಾವಣಿಯ ಕೆಲಸವೂ ಹೀಗೆಯೇ ಭಾನುವಾರದ ಪಾಲಾಗಿತ್ತು.

ಹಿತ್ತಲಿನಲ್ಲಿ ನಾನು ಸಂಜೆ ಆರು ಮಕ್ಕಳಿಗೆ ಲೆಕ್ಕದ ಪಾಠ ಹೇಳುತ್ತೇನೆ. ಬಿಸಿಲಿಗೂ ಮಳೆಗೂ ಅಡ್ಡವಾಗಲಿ ಎಂದು ಅಲ್ಲಿಗೆ ಪಾಲಿಕಾರ್ಬೊನೇಟ್ ಶೀಟು ಹೊದಿಸಿದೆವು. ನಾಲ್ಕು ಶೀಟು. ಗಾಜಿನ ಹಾಗೆ ಬೆಳಕು ಬಿಡುತ್ತದೆ, ಆದರೆ ಗಾಜಿನಷ್ಟು ಭಾರವಿಲ್ಲ. ಒಳಗೆ ಉದ್ದಕ್ಕೂ ಸಣ್ಣ ಸಣ್ಣ ಕೊಳವೆಗಳಿರುತ್ತವೆ. ಆ ಕೊಳವೆಗಳ ಬಾಯಿಯನ್ನು ಎರಡೂ ತುದಿಯಲ್ಲಿ ಪಟ್ಟಿ ಹಾಕಿ ಮುಚ್ಚಬೇಕು. ಛಾವಣಿಯವನು ಶೀಟು ಬಿಗಿದು, ಕಾಫಿ ಕುಡಿದು, "ಪಟ್ಟಿ ಸ್ಟಾಕ್ ಇಲ್ಲ, ಬಂದ ತಕ್ಷಣ ಬಂದು ಹಾಕ್ತೀನಿ" ಎಂದು ಹೇಳಿ ಹೋದ. ಪಟ್ಟಿ ಬಂತೋ ಇಲ್ಲವೋ ತಿಳಿಯದು, ಅವನಂತೂ ಬರಲಿಲ್ಲ. ಆ ಪಟ್ಟಿಗೆ ಅವನು ಎಂಡ್ ಕ್ಯಾಪ್ ಎನ್ನುತ್ತಿದ್ದ, ಅಂಗಡಿಯವರು ಯು ಪ್ರೊಫೈಲ್ ಎನ್ನುತ್ತಾರೆ, ನನ್ನ ಮಾವ ಬಾರ್ಡರ್ ಎನ್ನುತ್ತಾರೆ. ನಾನು ಅಂಚುಪಟ್ಟಿ ಎನ್ನುತ್ತೇನೆ. ಗಂಡ ಏನೂ ಅನ್ನುತ್ತಿರಲಿಲ್ಲ. ಹೆಸರು ಹಿಡಿದು ಕರೆದರೆ ಕೆಲಸ ಮೈಮೇಲೆ ಬರುತ್ತದೆ.

ಬಾಯಿ ತೆರೆದ ಕೊಳವೆಗಳಲ್ಲಿ ಮೊದಲು ಧೂಳು ಸೇರಿತು. ಆಮೇಲೆ ಒಂದು ಮಳೆಗೆ ನೀರು ಸೇರಿ, ಕೆಳತುದಿಯಿಂದ ಹನಿಹನಿಯಾಗಿ ಮಕ್ಕಳ ಪುಸ್ತಕದ ಮೇಲೆ ಬೀಳತೊಡಗಿತು. ಅದನ್ನೂ ಸಹಿಸಬಹುದಿತ್ತು. ಮೂರನೆಯದಾಗಿ ಇರುವೆಗಳು ಬಂದವು.

ಎರಡನೇ ಶೀಟಿನಲ್ಲಿ ಸಕಲ ಸೌಕರ್ಯಗಳುಳ್ಳ ಒಂದು ಪಿಪೀಲಿಕಾ ಸಾಮ್ರಾಜ್ಯವೇ ತಲೆಯೆತ್ತಿತು. ಕೆಳಗೆ ಕೂತವರಿಗೆ ಎಲ್ಲವೂ ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಕೊಳವೆಯಲ್ಲಿ ಹೋಗುವವರು, ಪಕ್ಕದ ಕೊಳವೆಯಲ್ಲಿ ಬರುವವರು. ನಾನು ಭಿನ್ನರಾಶಿ ಹೇಳುತ್ತಿದ್ದರೆ ಆರು ಮಕ್ಕಳೂ ಕತ್ತೆತ್ತಿ ಆಕಾಶ ನೋಡುತ್ತಿದ್ದರು.

"ಮೂರರಲ್ಲಿ ಒಂದು ಭಾಗ ಅಂದ್ರೆ ಏನು?" ಎಂದು ಕೇಳಿದೆ ಒಂದು ದಿನ.

"ಮಿಸ್, ಮೊಟ್ಟೆ ಹೊತ್ಕೊಂಡಿರೋವು," ಎಂದಳು ಮುಂದೆ ಕೂತ ಹುಡುಗಿ. ಮೇಲೆ ನೋಡಿದೆ. ಉತ್ತರ ಹೆಚ್ಚುಕಡಿಮೆ ಸರಿಯಾಗಿತ್ತು.

ಆದರೆ ಇಬ್ಬರು ಮಕ್ಕಳ ತಾಯಿಯೊಬ್ಬರು ಬಂದು, ಒದ್ದೆಯಾಗಿ ಉಬ್ಬಿದ ಪುಸ್ತಕ ತೋರಿಸಿ, "ಮುಂದಿನ ತಿಂಗಳಿಂದ ಬೇರೆ ಕಡೆ ನೋಡ್ತೀವಿ, ಬೇಜಾರು ಮಾಡ್ಕೋಬೇಡಿ" ಎಂದರು. ಬೇಜಾರು ಮಾಡಿಕೊಂಡೆ. ಆರರಲ್ಲಿ ಎರಡು ಎಂದರೆ ಮೂರರಲ್ಲಿ ಒಂದು ಭಾಗ ಎಂದು ನನಗಾದರೂ ಗೊತ್ತಿತ್ತು.

ರಾತ್ರಿ ಊಟಕ್ಕೆ ಕೂತಾಗ ವಿಷಯ ಎತ್ತಿದೆ. "ರೀ, ಆ ಛಾವಣಿಯವನಿಗೆ ಫೋನ್ ಮಾಡಿದ್ರಾ?"

"ಮಾಡ್ತಾನೇ ಇದೀನಿ. ಎತ್ತಲ್ಲ."

"ಹಾಗಾದ್ರೆ ನೀವೇ ಹಾಕಿ."

"ಭಾನುವಾರ..."

"ನಾಡಿದ್ದು ಭಾನುವಾರವೇ ಅಲ್ವಾ?"

"ಈ ಭಾನುವಾರ ಅಲ್ಲ. ಮೊದಲು ಅದನ್ನ ಸ್ಟಡಿ ಮಾಡ್ಬೇಕು. ಹಾಗೆಲ್ಲ ಏಕಾಏಕಿ ಹಾಕೋ ವಸ್ತು ಅಲ್ಲ ಅದು."

ಪಕ್ಕದಲ್ಲಿ ಕೂತಿದ್ದ ಮಾವ ನನ್ನ ಮುಖ ನೋಡಿದರು. ಮಾವ ಮೂವತ್ತನಾಲ್ಕು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. ತುಂಬಿದ ಬಸ್ಸಿನಲ್ಲಿ ಯಾರು ಎಲ್ಲಿ ಇಳಿಯುತ್ತಾರೆ, ಯಾರು ಇಳಿಯುವುದಿಲ್ಲ ಎಂದು ಮುಖ ನೋಡಿ ಹೇಳಬಲ್ಲರು. ಮಗ ಈ ಸ್ಟಾಪಿನಲ್ಲಿ ಇಳಿಯುವವನಲ್ಲ ಎಂದು ಅವರಿಗೆ ಅರ್ಥವಾಗಿತ್ತು.

ಮರುದಿನ ಗಂಡ ಕಚೇರಿಗೆ ಹೋದಮೇಲೆ ಮಾವ ಅಡುಗೆಮನೆ ಬಾಗಿಲಿಗೆ ಬಂದು ನಿಂತರು. "ಏನಮ್ಮಾ, ನಾವೇ ಹಾಕೋಣ್ವಾ?"

"ನಾವು ಅಂದ್ರೆ ಯಾರು ಮಾವ?"

"ಏಣಿ ಹತ್ತೋದು ನೀನು. ನನಗೆ ಮೊಣಕಾಲಿಲ್ಲ. ಮಿಕ್ಕಿದ್ದೆಲ್ಲ ನಾನು ನೋಡ್ಕೋತೀನಿ."

ಏಣಿ ಹತ್ತುವುದನ್ನು ಬಿಟ್ಟರೆ ಮಿಕ್ಕಿದ್ದು ಏನು ಎಂದು ನಾನು ಆಗಲೇ ಕೇಳಬೇಕಿತ್ತು. ಕೇಳಲಿಲ್ಲ. ಸಿಟ್ಟಿನಲ್ಲಿದ್ದೆ. ಗಂಡ ಸಂಜೆ ಬಂದು ಮೇಲೆ ನೋಡಿ, ಬೆರಗಾಗಿ, ನಾಚಿ, ತಲೆ ತಗ್ಗಿಸಿ ನಿಲ್ಲುವ ದೃಶ್ಯ ಕಣ್ಮುಂದೆ ಬಂದಿತ್ತು. ಅದಕ್ಕಾಗಿ ಏಣಿಯೇನು, ಮರವನ್ನಾದರೂ ಹತ್ತುತ್ತಿದ್ದೆ.

ಹಾರ್ಡ್‌ವೇರ್ ಅಂಗಡಿಯವನು ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದ. ಯಾರೂ ಬರದಿದ್ದಾಗ ನನಗೇ ವಿವರಿಸಿದ. "ನೋಡಿ ಮೇಡಂ, ಮೇಲ್ತುದಿಗೆ ಪೂರ್ತಿ ಮುಚ್ಚಿರೋ ಟೇಪು. ಕೆಳತುದಿಗೆ ಸಣ್ಣ ತೂತಿರೋ ಟೇಪು. ಒಳಗೆ ಬೆವರು ಹಿಡಿದ್ರೆ ಆ ತೂತಲ್ಲಿ ಇಳಿದುಹೋಗುತ್ತೆ. ಟೇಪಿನ ಮೇಲೆ ಪಟ್ಟಿ ಕೂರಿಸಿ. ಅದಕ್ಕೆ ಮುಂಚೆ ಶೀಟಿಗೆ ಅಂಟಿರೋ ತೆಳು ಪ್ಲಾಸ್ಟಿಕ್ಕನ್ನ ಅಂಚಲ್ಲಿ ನಾಲ್ಕು ಬೆರಳು ಸುಲೀಬೇಕು. ಎಲ್ಲರೂ ಅದನ್ನೇ ಮರೀತಾರೆ." ನಾನು ಪಾಠ ಹೇಳುವವಳು. ಪಾಠ ಕೇಳುವುದೂ ಬರುತ್ತದೆ. ಎರಡು ಸಲ ಒಪ್ಪಿಸಿ ಬಂದೆ.

ಮೊದಲ ಕೆಲಸ ಇರುವೆಗಳನ್ನು ಒಕ್ಕಲೆಬ್ಬಿಸುವುದು. ಒಳಗಿಟ್ಟು ಮುಚ್ಚಲು ನನಗೆ ಮನಸ್ಸು ಬರಲಿಲ್ಲ. ಗಂಡನ ಹೇರ್ ಡ್ರೈಯರ್ ತಂದೆ. (ಇರುವ ಕೂದಲು ಇಪ್ಪತ್ತೋ ಮೂವತ್ತೋ, ಅದಕ್ಕೆ ಡ್ರೈಯರ್ ಬೇರೆ.) ಗೋಡೆಗೂ ಶೀಟಿಗೂ ನಡುವೆ ಎರಡು ಗೇಣು ಸಂದು ಇದೆ. ಅಲ್ಲಿ ಏಣಿ ಆನಿಸಿ ಹತ್ತಿ ಮೇಲ್ತುದಿಯಿಂದ ಬಿಸಿಗಾಳಿ ಊದಿದೆ. ಮಾವ ಕೆಳತುದಿಯ ಹತ್ತಿರ ಪರಿವೀಕ್ಷಕರಾಗಿ ನಿಂತರು.

"ಬರ್ತಿದಾವಾ ಮಾವ?"

"ಇಲ್ಲ. ಇನ್ನೂ ಸ್ವಲ್ಪ ಬಿಡು."

ಬಿಟ್ಟೆ.

"ಈಗ?"

"ಒಂದೆರಡು ಬಂದ್ವು. ಹೂಂ, ಬರ್ತಿದಾವೆ. ಸಾಲಾಗಿ ಬರ್ತಿ..." ಮಾತು ನಿಂತಿತು. ಬಗ್ಗಿ ನೋಡಿದೆ. ಮಾವ ಎರಡೂ ಕೈಯಿಂದ ತಮ್ಮ ಬೋಳುತಲೆಯನ್ನು ಸವರಿಕೊಳ್ಳುತ್ತ ತೊಟ್ಟಿಯ ಕಡೆ ನಡೆಯುತ್ತಿದ್ದರು. ಓಡುತ್ತಿದ್ದರು ಎಂದು ಬರೆದರೆ ಅವರಿಗೆ ಬೇಸರವಾದೀತು. ಇಡೀ ಸಾಮ್ರಾಜ್ಯ, ಮೊಟ್ಟೆಮರಿ ಸಮೇತ, ಅವರ ತಲೆಗೆ ವಲಸೆ ಬಂದಿತ್ತು.

ಎರಡು ಚೊಂಬು ನೀರು ಸುರಿದುಕೊಂಡು ವಾಪಸು ಬಂದರು. "ಶೀಟು ಖಾಲಿ," ಎಂದರು, ಗಂಭೀರವಾಗಿ.

ಅಂಚಿನ ಪ್ಲಾಸ್ಟಿಕ್ ಸುಲಿದು ಟೇಪು ಅಂಟಿಸುವುದು ಕಷ್ಟವಾಗಲಿಲ್ಲ. ತೂತಿನ ಟೇಪನ್ನು ಒಂದು ಕಡೆ ಮೇಲ್ತುದಿಗೆ ಅಂಟಿಸಿಬಿಟ್ಟಿದ್ದೆ, ಮಾವ ನೋಡಿ ಕೀಳಿಸಿದರು. ಕಷ್ಟವಾಗಿದ್ದು ಪಟ್ಟಿ ಕೂರಿಸುವುದು. ನಾಲ್ಕು ಅಡಿ ಉದ್ದದ ಪಟ್ಟಿ. ಈ ತುದಿ ಒತ್ತಿದರೆ ಆ ತುದಿ ಮೇಲೇಳುತ್ತದೆ, ಆ ತುದಿ ಒತ್ತಿದರೆ ಈ ತುದಿ. ಮಾವ ಕೆಳಗಿನಿಂದ ನಿರ್ದೇಶನ ಶುರುಮಾಡಿದರು.

"ರೈಟ್," ಎಂದರು.

ನಾನು ಬಲಕ್ಕೆ ಸರಿಸಿದೆ.

"ಅಲ್ಲ, ರೈಟ್ ರೈಟ್."

ಇನ್ನೂ ಬಲಕ್ಕೆ ಸರಿಸಿದೆ. ಪಟ್ಟಿ ಶೀಟು ದಾಟಿ ಗಾಳಿಗೆ ಬಂತು.

"ಬಲಕ್ಕೆ ಯಾಕಮ್ಮ ತಳ್ತಿದೀಯ? ರೈಟ್ ಅಂದ್ರೆ ಹೋಗ್ಲಿ ಅಂತ."

"ಎಲ್ಲಿಗೆ ಹೋಗ್ಲಿ ಮಾವ, ಏಣಿ ಮೇಲಿದೀನಿ."

"ನೀನಲ್ಲ, ಪಟ್ಟಿ. ಪಟ್ಟಿ ಮುಂದಕ್ಕೆ ಹೋಗ್ಲಿ. ಹೂಂ, ಬರ್ಲಿ, ಬರ್ಲಿ, ಬರ್ಲಿ..."

"ಹೋಗ್ಲಿ ಅಂತೀರೋ ಬರ್ಲಿ ಅಂತೀರೋ, ಒಂದು ಹೇಳಿ."

"ಎರಡೂ ಒಂದೇ. ಹೋಲ್ಡಾನ್."

ಹೋಲ್ಡಾನ್ ಎಂದರೆ ನಿಲ್ಲಿಸು ಎಂದಂತೆ. ನಾನು ಹಿಡಿದುಕೋ ಎಂದುಕೊಂಡು ಇನ್ನಷ್ಟು ಬಿಗಿಯಾಗಿ ಹಿಡಿದು ಒತ್ತಿದೆ. ಪಟ್ಟಿ ಟಪಕ್ಕೆಂದು ಸಿಡಿದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬಿತ್ತು. ಪುಣ್ಯಕ್ಕೆ ಮುರಿಯಲಿಲ್ಲ.

ಆಮೇಲೆ ಒಂದು ಒಪ್ಪಂದಕ್ಕೆ ಬಂದೆವು. ಎಡ, ಬಲ, ಒತ್ತು, ಬಿಡು, ಈ ನಾಲ್ಕು ಶಬ್ದಗಳನ್ನು ಬಿಟ್ಟು ಐದನೆಯದನ್ನು ಯಾರೂ ಬಳಸಕೂಡದು. ಮಾವನಿಗೆ ಕಷ್ಟವಾಯಿತು. ಮೂವತ್ತನಾಲ್ಕು ವರ್ಷದ ಅಭ್ಯಾಸ. ನಾಲಿಗೆಯ ತುದಿಗೆ ಬಂದ ರೈಟನ್ನು ಅವರು ಪದೇಪದೇ ನುಂಗುವುದು ಮೇಲಿನಿಂದ ನನಗೆ ಕಾಣುತ್ತಿತ್ತು. ಆದರೆ ಉಪಾಯ ಹೊಳೆದದ್ದು ಅವರಿಗೇ. ಒಂದು ತುದಿಯನ್ನು ಮೊದಲು ಪೂರ್ತಿ ಕೂರಿಸಿ, ಅಲ್ಲಿಂದ ಗೇಣುಗೇಣಾಗಿ ತಟ್ಟುತ್ತಾ ಬರಬೇಕು ಎಂದರು. ಸುತ್ತಿಗೆಯಲ್ಲಿ ತಟ್ಟಿದರೆ ಪಟ್ಟಿ ಸೀಳೀತು ಎಂದು ತಮ್ಮ ರಬ್ಬರ್ ಚಪ್ಪಲಿ ಬಿಚ್ಚಿ ಕೊಟ್ಟರು. ಚಪ್ಪಲಿಯಿಂದ ತಟ್ಟಿದೆ. ಪಟ್ಟಿ ಮರುಮಾತಿಲ್ಲದೆ ಕೂತಿತು. (ಇದನ್ನು ಮನೆಯ ಇತರ ಸದಸ್ಯರ ಮೇಲೂ ಪ್ರಯೋಗಿಸಬಹುದಿತ್ತು ಎಂಬ ವಿಚಾರ ಬಂತು, ಹೋಯಿತು.)

ಎಂಟನೇ ಪಟ್ಟಿ ಕೂರುವ ಹೊತ್ತಿಗೆ ಮೂರೂವರೆ. ಕೆಳಗಿಳಿದು ಇಬ್ಬರೂ ಅಕ್ಕಪಕ್ಕ ನಿಂತು ನೋಡಿದೆವು. ನೇರವಾದ ಬಿಳಿ ಅಂಚು, ಈ ಕೊನೆಯಿಂದ ಆ ಕೊನೆಗೆ.

"ಚೆನ್ನಾಗಿದೆ," ಎಂದರು ಮಾವ. "ಅವನಿಗೆ ಹೇಳ್ಬೇಡ. ತಾನಾಗೇ ನೋಡ್ಲಿ."

ಗಂಡ ನೋಡಲಿಲ್ಲ. ಆ ಸಂಜೆ ನೋಡಲಿಲ್ಲ, ಮರುದಿನ ಭಾನುವಾರ ಇಡೀ ದಿನ ಅದೇ ಛಾವಣಿಯ ಕೆಳಗೆ ಕೂತು ಪೇಪರ್ ಓದಿದರು, ಆಗಲೂ ನೋಡಲಿಲ್ಲ. ಸೋಮವಾರ ನಾನು ಒಗೆದ ಬಟ್ಟೆಯನ್ನು ಬೇಕೆಂದೇ ಪಟ್ಟಿಯ ಕೆಳಗೆ ಹರವಿ, "ರೀ, ಸ್ವಲ್ಪ ಬಟ್ಟೆ ತೆಗೀರಿ" ಎಂದೆ. ತೆಗೆದರು, ಬಟ್ಟೆಯನ್ನು ಮಾತ್ರ. ಬುಧವಾರ ಮಾವ ತಡೆಯಲಾರದೆ ಊಟದ ನಡುವೆ, "ಏನೋ, ಮೇಲೆ ಏನಾದ್ರೂ ಬದಲಾವಣೆ ಕಾಣ್ತಾ ನಿಂಗೆ?" ಎಂದರು. ಗಂಡ ತಲೆಯೆತ್ತಿ ನೋಡಿ, "ಫ್ಯಾನ್ ಒರೆಸ್ಬೇಕು" ಎಂದರು.

ಶುಕ್ರವಾರ ಸಂಜೆ ಮಳೆ ಬಂತು. ಜೋರು ಮಳೆ. ಪಾಠ ನಡೆಯುತ್ತಿತ್ತು. ಒಂದು ಹನಿಯೂ ಪುಸ್ತಕದ ಮೇಲೆ ಬೀಳಲಿಲ್ಲ. ಮೇಲೆ ನೋಡಲು ಏನೂ ಇರಲಿಲ್ಲವಾಗಿ ಮಕ್ಕಳು ವಿಧಿಯಿಲ್ಲದೆ ಲೆಕ್ಕ ಮಾಡುತ್ತಿದ್ದರು. ಗಂಡ ಕೊಡೆ ಮಡಚಿಕೊಂಡು ಹಿತ್ತಲಿಗೆ ಬಂದು ನಿಂತರು. ನೆಲ ನೋಡಿದರು. ಕೊನೆಗೂ ಮೇಲೆ ನೋಡಿದರು.

"ಅಬ್ಬಾ, ಬಂದು ಹಾಕಿಹೋದ್ನಲ್ಲ," ಎಂದರು. "ದಿನಾ ಫೋನ್ ಮಾಡಿದ್ದಕ್ಕೆ ಸಾರ್ಥಕ ಆಯ್ತು."

ಮಾವ ಬಾಯಿ ಹಾಕಿದರು. "ಯಾರೋ ಬಂದಿದ್ದು? ಹಾಕಿದ್ದು ನಿನ್ನ ಹೆಂಡ್ತಿ. ಎಂಟೂ ಪಟ್ಟಿ. ನಾನು ಜೊತೇಲಿದ್ದೆ."

ಗಂಡ ನನ್ನನ್ನು ನೋಡಿದರು. ಒಂದು ಸ್ಟೂಲ್ ಎಳೆದುಕೊಂಡು ಹತ್ತಿ, ಪಟ್ಟಿಯ ಮೇಲೆ ಬೆರಳಾಡಿಸಿದರು. ಇಳಿದರು. ನಾನು ಕಾದಿದ್ದ ಘಳಿಗೆ ಬಂದೇಬಿಟ್ಟಿತು ಎಂದುಕೊಂಡು ಸೀಮೆಸುಣ್ಣ ಕೆಳಗಿಟ್ಟೆ. ಅವರು ಬೆರಗಾಗಿದ್ದು ನಿಜ. ನಾಚಿಕೆ ಮಾತ್ರ ಎಲ್ಲಿಯೂ ಕಾಣಲಿಲ್ಲ. ಪರೀಕ್ಷೆ ರದ್ದಾಯಿತೆಂದು ತಿಳಿದ ಹುಡುಗನ ಮುಖದಲ್ಲಿ ಯಾವ ಕಳೆ ಇರುತ್ತದೋ ಅದು ಅವರ ಮುಖದಲ್ಲಿತ್ತು.

"ನಿಂಗೆ ಇದೆಲ್ಲ ಬರುತ್ತೆ ಅಂತ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?" ಎಂದರು.

ಅಂದು ರಾತ್ರಿಯೇ ಒಂದು ಹಾಳೆ ತೆಗೆದುಕೊಂಡು ಬರೆಯಲು ಕೂತರು. ಬರೆಯುವುದನ್ನು ಅವರು ಎಂದೂ ಭಾನುವಾರಕ್ಕೆ ಇಡುವುದಿಲ್ಲ. ಪಟ್ಟಿ ಹಾಕಿದವಳಿಗೆ ಇನ್ನೊಂದು ಪಟ್ಟಿ: ಚಿಲಕ, ಕಿಟಕಿ, ಸ್ನಾನದ ಮನೆಯ ಬಲ್ಬು, ಷೂ ಇಡುವ ಕಪಾಟಿನ ಕಾಲು. ಒಟ್ಟು ಹತ್ತೊಂಬತ್ತು. ಕೊನೆಯಲ್ಲಿ ಗೀಟೆಳೆದು ಸಹಿ ಹಾಕಿದರು.

"ನಾನ್ಯಾಕೆ ಮಾಡ್ಲಿ?" ಎಂದು ಜಗಳ ತೆಗೆದೆ.

"ಬಲವಂತ ಇಲ್ಲ. ನಾನು ಮಾಡಿದ್ರೆ ಹೇಗಿರುತ್ತೆ, ನೀನು ಮಾಡಿದ್ರೆ ಹೇಗಿರುತ್ತೆ, ನೀನೇ ಯೋಚ್ನೆ ಮಾಡು."

ಯೋಚನೆ ಮಾಡಿದೆ. ಅದೇ ತಪ್ಪಾಯಿತು. ಅವರು ಚಿಲಕ ಹಾಕಿದರೆ ಅದು ವಾಲಿಕೊಂಡೇ ಇರುತ್ತದೆ, ದಿನಾ ಅದನ್ನು ನೋಡುವವಳು ನಾನು. ಆ ಶನಿವಾರ ಚಿಲಕ ಹಾಕಿದೆ. ಮುಂದಿನ ಶನಿವಾರ ಕಿಟಕಿ. ಭಾನುವಾರಗಳು ಪೂರ್ತಿ ಬಿಡುವಾಗಿ ಗಂಡನೂ ಮಾವನೂ ಹಿತ್ತಲಲ್ಲಿ ಕುರ್ಚಿ ಹಾಕಿ ಕೂತು, ಬಂದವರಿಗೆಲ್ಲ ಛಾವಣಿ ತೋರಿಸುತ್ತಾರೆ. "ನಮ್ಮ ಮನೆಯವಳು ಹಾಕಿದ್ದು" ಎಂದು ಗಂಡ ಹೇಳುವಾಗ ಅವರ ದನಿಯಲ್ಲಿ ನಿಜವಾದ ಹೆಮ್ಮೆ ಇರುತ್ತದೆ, ಅದನ್ನು ಅಲ್ಲಗಳೆಯಲಾರೆ.

ಹೋದ ವಾರ ನನ್ನ ಹುಟ್ಟಿದ ದಿನ. ಗಂಡ ಬಣ್ಣದ ಕಾಗದ ಸುತ್ತಿದ ಒಂದು ಡಬ್ಬ ತಂದು ಕೈಗಿಟ್ಟರು. ಕಿವಿಯೋಲೆಯಿರಬಹುದು ಎಂಬ ಆಸೆ ಅದರ ಭಾರಕ್ಕೇ ಅರ್ಧ ಇಳಿಯಿತು. ಬಿಚ್ಚಿದರೆ ಡ್ರಿಲ್ಲಿಂಗ್ ಮೆಷಿನ್ನು.

"ನಿಂಗೇ ಅಂತ ಹುಡುಕಿ ತಂದೆ," ಎಂದರು, ಮುಖ ಅರಳಿಸಿ.

ಹೆಂಡತಿಯ ಹುಟ್ಟಿದ ದಿನಕ್ಕೆ ಗೋಡೆ ಕೊರೆಯುವ ಯಂತ್ರ ತಂದವರಿಗೆ ಹೇಳಬೇಕಾದ ಮಾತುಗಳೆಲ್ಲ ಗಂಟಲಿಗೆ ಬಂದು ಸಾಲುಗಟ್ಟಿ ನಿಂತವು. ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು, "ಕಾಂಕ್ರೀಟಿಗೆ ಬೇರೆ ಬಿಟ್ ಬೇಕಲ್ಲ, ಅದು ಕೊಟ್ಟಿದಾರಾ?"

ಅಲ್ಲಿಗೆ ನನ್ನ ಕೇಸು ಬಿದ್ದುಹೋಯಿತು. ಕೊಟ್ಟಿದ್ದರು, ಮೂರು.