ದೊಡ್ಡಮ್ಮ ಸರ್ವರ್ ನೋಡಲು ಹೊರಟಿದ್ದು

ನಮ್ಮ ದೊಡ್ಡಮ್ಮನಿಗೆ ರೇಷ್ಮೆಹುಳುವಿನ ಭಾಷೆ ಬರುತ್ತದೆ ಎಂದು ಊರಿನವರು ಹೇಳುತ್ತಾರೆ. ಅದನ್ನು ನೀವು ನಂಬಲೇಬೇಕೆಂಬ ಬಲವಂತವಿಲ್ಲ. ಆದರೆ ಶಿಡ್ಲಘಟ್ಟದ ಪಕ್ಕದ ಹಳ್ಳಿಯಲ್ಲಿ ಕುಳಿತುಕೊಂಡೇ ಅಮೆರಿಕದ ಕಂಪ್ಯೂಟರೊಂದನ್ನು ವಾರಕ್ಕೆ ಮೂರು ಸಲ ಮಲಗಿಸುತ್ತಿದ್ದಳು ಎಂಬುದನ್ನು ಮಾತ್ರ ನಂಬಬೇಕು. ಅದಕ್ಕೆ ಆ ಕಂಪನಿಯವರೇ ಬರೆದ ಕಾಗದವಿದೆ!

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ದೊಡ್ಡಮ್ಮ ರೇಷ್ಮೆಹುಳು ಸಾಕಣೆಯ ಬಗ್ಗೆ ಕನ್ನಡದಲ್ಲಿ ಬ್ಲಾಗ್ ಬರೆಯುತ್ತಿದ್ದಳು. ಹುಡುಗಿಯಾಗಿದ್ದಾಗ ಕನ್ನಡ ಟೈಪಿಂಗ್ ಕಲಿತಿದ್ದ ಬೆರಳುಗಳು ಐವತ್ತೈದರಲ್ಲೂ ಸುಮ್ಮನಿರಲಿಲ್ಲ. ಹುಳಕ್ಕೆ ಸಪ್ಪೆ ರೋಗ ಬಂದರೆ ಏನು ಮಾಡಬೇಕು, ಹಿಪ್ಪುನೇರಳೆ ಸೊಪ್ಪು ಒದ್ದೆಯಾದರೆ ಏನು ಮಾಡಬೇಕು, ಅತ್ತೆ ಕೆಟ್ಟವಳಾದರೆ ಏನು ಮಾಡಬೇಕು, ಎಲ್ಲಕ್ಕೂ ಅಲ್ಲಿ ಉತ್ತರವಿತ್ತು. ಗೌರಿಬಿದನೂರಿನಿಂದ ಮಾಗಡಿಯವರೆಗೆ ಹುಳು ಸಾಕುವವರೆಲ್ಲ ಸೈಬರ್ ಕೆಫೆಗಳಲ್ಲಿ ಅದನ್ನು ತೆರೆದು ಕೂರುತ್ತಿದ್ದರು. ಮೊದಮೊದಲು ವಾರಕ್ಕೊಂದು ಸಲ, ಆಮೇಲೆ ಮೂರು ಸಲ ಮಲಗುತ್ತಿದ್ದ ಬ್ಲಾಗು ಕಡೆಗೆ ನಾಲ್ಕು ದಿನ ಬಾಗಿಲು ಹಾಕಿತು. ಆಗಲೇ ಕಾಗದ ಬಂದದ್ದು. ನಿಮ್ಮಿಂದ ನಮ್ಮ ಸರ್ವರ್ ಮೇಲೆ ವಿಪರೀತ ಹೊರೆ ಬೀಳುತ್ತಿದೆ, ಹದಿನೈದು ದಿನದೊಳಗೆ ಹೆಚ್ಚು ಬಾಡಿಗೆಯ ದೊಡ್ಡ ಯೋಜನೆಗೆ ಬದಲಾಯಿಸಿಕೊಳ್ಳಿ, ಇಲ್ಲವಾದರೆ ಶಾಶ್ವತವಾಗಿ ಮುಚ್ಚುತ್ತೇವೆ ಎಂದಿತ್ತು.

ಬ್ಲಾಗು ಮತ್ತೆ ಎದ್ದ ಮೂರನೇ ದಿನ ದೊಡ್ಡಮ್ಮ ನನಗೆ ಫೋನ್ ಮಾಡಿದಳು. ನಾನು ಚಿಕ್ಕಬಳ್ಳಾಪುರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವನು. ಒಮ್ಮೆ ಸ್ಟಾಫ್ ರೂಮಿನ ಪ್ರಿಂಟರನ್ನು ಆರಿಸಿ ಮತ್ತೆ ಹಾಕಿ ಸರಿಮಾಡಿದ್ದೆ. ಅಂದಿನಿಂದ ನೆಂಟರಿಷ್ಟರಲ್ಲೆಲ್ಲ ನಾನೇ ಕಂಪ್ಯೂಟರ್ ತಜ್ಞ.

"ಮನೆ ಬದಲಾಯಿಸಬೇಕಂತೆ ಕಣಪ್ಪ" ಎಂದಳು ದೊಡ್ಡಮ್ಮ. "ಯಾವಾಗ ಹೋಗಣ ನೋಡಕ್ಕೆ?"

"ಅದು ನೋಡೋ ಅಂಥದ್ದಲ್ಲ ದೊಡ್ಡಮ್ಮ. ಅಮೆರಿಕದಲ್ಲಿರುತ್ತೆ."

"ಎಲ್ಲಾದ್ರೂ ಇರ್ಲಿ. ಮನೆ ನೋಡದೆ ಯಾರಾದ್ರೂ ಬಾಡಿಗೆಗೆ ಹೋಗ್ತಾರಾ?"

ಮಾತು ಮುಗಿಸುವ ಮುಂಚೆ ಎಂದಿನಂತೆ ಕೇಳಿದಳು: "ನೆನ್ನೆ ಚಿಂತಾಮಣೀಲಿ ಎರಡರಿಂದ ನಾಲ್ಕೂವರೆವರೆಗೆ ಕರೆಂಟ್ ಇರಲಿಲ್ಲ ಅಲ್ವೇನೋ?"

ಇದೊಂದು ವಿಚಿತ್ರ ಚಟ ಅವಳಿಗೆ. ಚಿಂತಾಮಣಿಯಲ್ಲಿರುವುದು ನನ್ನ ಅಮ್ಮ, ದೊಡ್ಡಮ್ಮನ ಒಡಹುಟ್ಟಿದ ತಂಗಿ. ಇಬ್ಬರೂ ಮಾತುಬಿಟ್ಟು ಒಂಬತ್ತು ವರ್ಷವಾಗಿತ್ತು. ಕಾರಣ ಆಸ್ತಿಯಲ್ಲ, ಒಡವೆಯಲ್ಲ. ನಮ್ಮ ಮನೆಯ ಗೃಹಪ್ರವೇಶದ ದಿನ ಎಲೆ ಸಾಲದೆ ಅಮ್ಮ ಬಾಯಿತಪ್ಪಿ "ಎರಡನೇ ಪಂಕ್ತಿಗೆ ಕೂತ್ಕೋ ಅಕ್ಕ" ಅಂದುಬಿಟ್ಟಳು. ಬೆಳಗಿನಿಂದ ಒಲೆ ಮುಂದೆ ಬೆಂದಿದ್ದ ದೊಡ್ಡಮ್ಮ ಸೌಟು ಕೆಳಗಿಟ್ಟು, ಊಟ ಮಾಡದೆ ಬಸ್ಸು ಹತ್ತಿದಳು. ಅಂದಿನಿಂದ ಅಮ್ಮನ ಬಾಯಲ್ಲಿ 'ಅಕ್ಕ' ಎಂಬ ಮಾತೇ ನಿಂತುಹೋಯಿತು. ಅವಳಿಗೆ ಇವಳು 'ಶಿಡ್ಲಘಟ್ಟದವರು', ಇವಳಿಗೆ ಅವಳು 'ಚಿಂತಾಮಣಿಯವರು'. ಆದರೂ ತಂಗಿಯ ಊರಿನ ಕರೆಂಟಿನ ಮೇಲೆ ಇವಳಿಗೆ ಯಾಕೆ ಕಣ್ಣು? ಚಿಕ್ಕಬಳ್ಳಾಪುರದಲ್ಲಿ ರೂಮು ಮಾಡಿಕೊಂಡಿರುವ ನನಗಾದರೂ ಅದು ಹೇಗೆ ಗೊತ್ತಾಗಬೇಕು?

ಆ ಶನಿವಾರ ದೊಡ್ಡಮ್ಮ ಸರ್ವರ್ ನೋಡಲು ಚಿಕ್ಕಬಳ್ಳಾಪುರಕ್ಕೆ ಬಂದಿಳಿದಳು. ಕೈಯಲ್ಲಿ ಅಳತೆಯ ಟೇಪು! ನಾನು ಅವಳನ್ನು ಟೈಪಿಂಗ್ ಮೇಷ್ಟ್ರ ಹತ್ತಿರ ಕರೆದುಕೊಂಡು ಹೋದೆ. ಒಂದು ಕಾಲದಲ್ಲಿ ದೊಡ್ಡಮ್ಮನಿಗೂ ಅಮ್ಮನಿಗೂ ಒಂದೇ ಬೆಂಚಿನಲ್ಲಿ ಕೂರಿಸಿ ಟೈಪಿಂಗ್ ಕಲಿಸಿದ್ದ ಮೇಷ್ಟ್ರು ಈಗ ಅದೇ ಅಂಗಡಿಯಲ್ಲಿ ವೆಬ್‌ಸೈಟ್ ಮಾಡಿಕೊಡುತ್ತಿದ್ದರು. ದೊಡ್ಡಮ್ಮನ ಬ್ಲಾಗನ್ನು ಕಟ್ಟಿಕೊಟ್ಟವರೂ ಅವರೇ.

ಮೇಷ್ಟ್ರು ಸಾವಧಾನವಾಗಿ ವಿವರಿಸಿದರು. ಈಗಿರುವುದು ಹಂಚಿಕೆಯ ಮನೆ, ಒಂದೇ ಯಂತ್ರದಲ್ಲಿ ನೂರಾರು ಜನ. ಅದರ ಮೇಲಿನದು ಅದೇ ಯಂತ್ರ, ಆದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಗೋಡೆ. ಎಲ್ಲಕ್ಕಿಂತ ಮೇಲಿನದು ಒಬ್ಬರಿಗೇ ಒಂದು ಇಡೀ ಯಂತ್ರ.

"ಆ ಗೋಡೆ ಇಟ್ಟಿಗೇದಾ, ಗೋಣಿಚೀಲದ ತೆರೆನಾ?" ಎಂದಳು ದೊಡ್ಡಮ್ಮ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. "ಗೋಡೆ ಇರಲ್ಲಮ್ಮ. ಇದೆ ಅಂತ ಅಂದ್ಕೊಬೇಕು."

"ಈಗ ನನ್ನ ಪಕ್ಕದಲ್ಲಿ ಯಾರಿದ್ದಾರೆ?"

"ನಾಯಿಮರಿ ಮಾರೋರೊಬ್ರು, ಜ್ಯೋತಿಷ್ಯದವರೊಬ್ರು. ಇನ್ನೊಂದು ಬೇಡ ಬಿಡಿ, ಸಿನಿಮಾ ತಾರೆಯರ ಫೋಟೋದವರು."

"ಸುಣ್ಣ ಹೊಡೆಸ್ರೀ ಮೊದ್ಲು" ಎಂದು ದೊಡ್ಡಮ್ಮ ಮೂಗಿಗೆ ಸೆರಗು ಹಿಡಿದಳು. ಹುಳುಮನೆಯೊಳಗೆ ಹೊರಗಿನವರ ಚಪ್ಪಲಿಯನ್ನೂ ಬಿಡದವಳು ಇಂಥ ನೆರೆಹೊರೆಯನ್ನು ಸಹಿಸುತ್ತಾಳೆಯೇ?

ಆಮೇಲೆ ಕಂಪನಿಯ ಕಾಗದವನ್ನು ನನ್ನಿಂದ ಮತ್ತೊಮ್ಮೆ ಓದಿಸಿದಳು. "ನಾನು ಸೇರುವಾಗ ಮಿತಿಯೇ ಇಲ್ಲ ಅಂದಿದ್ರು. ಈಗ ಮಿತಿಮೀರಿ ಬಳಸಿದ್ದೀರಿ ಅಂತಾರೆ. ಇಲ್ಲದೇ ಇರೋದನ್ನ ನಾನು ಹೆಂಗೆ ಮೀರಿದೆ?" ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಮೇಷ್ಟ್ರ ಮುಖ ನೋಡಿದೆ.

ಕಡೆಗೆ ಕಂಪನಿಗೇ ಫೋನ್ ಹಚ್ಚಿಸಿದಳು. ದೂರದ ಊರಿನವರ ಹತ್ತಿರ ವ್ಯವಹಾರವೆಂದರೆ ಅವಳಿಗೆ ತೆಲುಗೇ ಸರಿ. "ಏಮಯ್ಯಾ, ಮೀ ಮಿಷನ್ ಉಂಡೇ ಗದಿಕಿ ಕಿಟಿಕೀಲು ಉನ್ನಾಯಾ?" ಎಂದಳು. ಆ ಕಡೆಯವನ ಪುಣ್ಯ, ಅವನೂ ತೆಲುಗಿನವನೇ. ಆ ಕೋಣೆಗೆ ಕಿಟಕಿಗಳಿಲ್ಲ ಎಂದನಂತೆ. "ಗಾಳಿಯಾಡದ ಮನೇಲಿ ಹುಳ ಸಾಯುತ್ತೆ" ಎಂದು ಹೇಳಿ ಫೋನಿಟ್ಟಳು. ಅಲ್ಲಿ ಹಗಲೂ ರಾತ್ರಿ ಎಸಿ ಹಾಕಿ ಒಂದೇ ಹದಕ್ಕೆ ತಂಪು ಇಟ್ಟಿರುತ್ತಾರೆ ಎಂದು ಮೇಷ್ಟ್ರು ತಿಳಿಸಿದ ಮೇಲೆ, ಮರಿಹುಳು ಸಾಕುವ ಕೋಣೆಯೂ ಹಾಗೇ ಇರಬೇಕು ಎಂದು ಒಪ್ಪಿಕೊಂಡಳು. ಟೇಪು ಚೀಲದೊಳಗೆ ಹೋಯಿತು. ಯಾವ ಮನೆ ಎಂಬುದು ಮಾತ್ರ ತೀರ್ಮಾನವಾಗಲಿಲ್ಲ. ನಾವು ಮೂವರೂ ಬಂದಾಗ ಎಷ್ಟು ತಿಳಿದುಕೊಂಡಿದ್ದೆವೋ ಅದಕ್ಕಿಂತ ಸ್ವಲ್ಪ ಕಡಿಮೆ ತಿಳಿದುಕೊಂಡು ಎದ್ದೆವು.

ಮುಂದಿನ ವಾರ ಮೇಷ್ಟ್ರೇ ಕರೆಸಿದರು. ಮುಖ ಗೆಲುವಾಗಿತ್ತು.

"ಅಮ್ಮ, ಮನೆ ಬದಲಾಯಿಸೋದೇ ಬೇಡ. ಹೊರೆ ಎಲ್ಲಿಂದ ಅಂತ ಸಿಕ್ತು. ಮೂಲೇಲಿ ಒಂದು ಪೆಟ್ಟಿಗೆ ಹಾಕಿಕೊಟ್ಟಿದ್ನಲ್ಲ, 'ಈಗ ಇಲ್ಲಿರುವವರು' ಅಂತ, ಅದೇ."

ಬ್ಲಾಗಿಗೆ ಮೊದಲ ಸಲ ಬಂದವರು ತಮ್ಮ ಊರಿನ ಹೆಸರು ಬರೆದರೆ, ಅವರು ಪುಟ ತೆರೆದಿಟ್ಟುಕೊಂಡಷ್ಟು ಹೊತ್ತೂ ಆ ಊರಿನ ಹೆಸರು ಪೆಟ್ಟಿಗೆಯಲ್ಲಿ ಕಾಣುತ್ತಿತ್ತು. ಮುಚ್ಚಿದರೆ ಅಳಿಸಿಹೋಗುತ್ತಿತ್ತು. ಯಾರಿದ್ದಾರೆ, ಯಾರು ಹೋದರು ಎಂದು ಅದು ಹತ್ತು ಸೆಕೆಂಡಿಗೊಮ್ಮೆ ಸರ್ವರನ್ನು ಕೇಳುತ್ತಲೇ ಇರುತ್ತದಂತೆ. ಅಷ್ಟು ಜನರಿಗೂ ಉತ್ತರ ಕೊಟ್ಟು ಕೊಟ್ಟು ಸರ್ವರ್ ಮಲಗಿಬಿಡುತ್ತಿತ್ತು. ಆ ಪೆಟ್ಟಿಗೆಯನ್ನು ಕಿತ್ತರೆ ಹಳೆಯ ಮನೆಯೇ ಧಾರಾಳವಾಗಿ ಸಾಕು.

ನಾನು ನಿಟ್ಟುಸಿರುಬಿಟ್ಟೆ. ದೊಡ್ಡಮ್ಮ ಬಿಡಲಿಲ್ಲ.

"ಬೇಕಾದ್ರೆ ಹುಳದ ಫೋಟೋಗಳನ್ನ ಕಿತ್ತಾಕಿ ಮೇಷ್ಟ್ರೇ. ನಾನು ಬರೆದಿರೋದನ್ನೂ ತೆಗೀರಿ. ಅದೊಂದು ಇರ್ಲಿ."

"ಬರೆದಿದ್ದು ತೆಗೆದ್ರೆ ಇನ್ನೇನು ಉಳಿಯುತ್ತೆ ದೊಡ್ಡಮ್ಮ?"

"ಅದು ಉಳಿಯುತ್ತಲ್ಲ."

"ಅದರಿಂದ ಏನು ಉಪಯೋಗ ಹೇಳು?"

"ನಿಂಗೆ ಗೊತ್ತಾಗಲ್ಲ ಬಿಡಪ್ಪ" ಎಂದವಳೇ ಎಲ್ಲಕ್ಕಿಂತ ಮೇಲಿನದನ್ನು, ಒಬ್ಬರಿಗೇ ಇಡೀ ಯಂತ್ರವನ್ನು, ತೆಗೆದುಕೊಂಡುಬಿಟ್ಟಳು. ನನಗೆ ನಿಜಕ್ಕೂ ಸಿಟ್ಟು ಬಂತು. ಹೊಸ ಹುಳುಮನೆ ಕಟ್ಟಿಸಲು ಎತ್ತಿಟ್ಟಿದ್ದ ಹಣವದು. ಮೂಲೆಯ ಪೆಟ್ಟಿಗೆಯೊಂದಕ್ಕೆ ಇಷ್ಟು ಹಟವೇ? ವಯಸ್ಸಾಯಿತು, ಅರಳುಮರಳು ಎಂದುಕೊಂಡು ಅವಳನ್ನು ಶಿಡ್ಲಘಟ್ಟದ ಬಸ್ಸು ಹತ್ತಿಸಿದೆ.

ಆಮೇಲೊಂದು ದಿನ ಹೇಳದೆ ಕೇಳದೆ ಚಿಂತಾಮಣಿಗೆ ಹೋದೆ. ಮಧ್ಯಾಹ್ನ ಒಂದೂವರೆಯಿರಬೇಕು. ನಾನು ಕೊಡಿಸಿದ್ದ ಕಂಪ್ಯೂಟರ್ ಹಜಾರದಲ್ಲಿ ಕಸೂತಿ ಬಟ್ಟೆ ಹೊದ್ದುಕೊಂಡೇ ಇರುತ್ತದೆಂದು ನಾನು ತಿಳಿದಿದ್ದೆ. ಬಟ್ಟೆ ಮಡಿಸಿ ಪಕ್ಕಕ್ಕಿಟ್ಟಿತ್ತು. ಪರದೆಯ ಮೇಲೆ ದೊಡ್ಡಮ್ಮನ ಬ್ಲಾಗು. ಅಮ್ಮ ಅದಕ್ಕೆ ಬೆನ್ನು ಹಾಕಿ, ನೆಲದ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಮೂಲೆಯ ಪೆಟ್ಟಿಗೆಯಲ್ಲಿ ಏಳೆಂಟು ಊರುಗಳು. ಎಲ್ಲಕ್ಕಿಂತ ಮೇಲೆ ಶಿಡ್ಲಘಟ್ಟ, ಅದರ ಕೆಳಗೆ ಚಿಂತಾಮಣಿ.

"ಹುಳು ಸಾಕ್ತೀಯೇನಮ್ಮ?" ಎಂದೆ.

ಅಮ್ಮ ಬೆಚ್ಚಿ ತಿರುಗಿದಳು. ಮುಚ್ಚಲು ಎದ್ದವಳು ಏನೋ ಯೋಚಿಸಿ ಹಾಗೇ ಕುಳಿತಳು.

"ನಾನೇನು ಓದಲ್ಲ ಕಣೋ. ಕೆಲಸ ಮಾಡ್ಕೋತಾ ಸುಮ್ನೆ ತೆರೆದಿಟ್ಟಿರ್ತೀನಿ."

"ಮುಚ್ಚಿದ್ರೆ ಏನಾಗುತ್ತೆ?"

"ಅಲ್ಲಿ ಹೆಸರು ಹೋಗುತ್ತಲ್ಲ." ಸ್ವಲ್ಪ ಹೊತ್ತು ಕಾಯಿ ಸುಲಿದಳು. "ಈಚೆಗೆ ನಾಲ್ಕು ದಿನ ಬಾಗಿಲು ಹಾಕಿತ್ತು. ಊಟ ಸೇರಲಿಲ್ಲ ನಂಗೆ. ಯಾರನ್ನ ಕೇಳೋದು ಹೇಳು?"

ಹೊರೆ, ಗೋಡೆ, ಇಡೀ ಯಂತ್ರ ಎಂದು ಎರಡು ವಾರ ತಲೆಕೆಡಿಸಿಕೊಂಡಿದ್ದ ತಜ್ಞನೂ ಒಂದು ಹಿಡಿ ಅವರೆಕಾಯಿ ತೆಗೆದುಕೊಂಡು ಸುಲಿಯತೊಡಗಿದ. ದೊಡ್ಡಮ್ಮ ಯಾರಿಗಾಗಿ ದೊಡ್ಡ ಮನೆ ಹಿಡಿದಳೆಂಬುದು ನನ್ನ ಎದುರಿಗೇ ಕುಳಿತಿತ್ತು.

ಅಷ್ಟರಲ್ಲಿ ಫ್ಯಾನು ನಿಂತಿತು. ಪರದೆ ಆರಿಹೋಯಿತು. ನಾನು ಗಾಬರಿಯಿಂದ ಆ ಪೆಟ್ಟಿಗೆಯಿದ್ದ ಕಡೆಗೇ ನೋಡಿದೆ. ಅಮ್ಮ ಗೋಡೆ ಗಡಿಯಾರ ನೋಡಿದಳು. ಎರಡು ಗಂಟೆ.

"ನಾಲ್ಕೂವರೆಗೆ ಬರುತ್ತೆ ಬಿಡು" ಎಂದು ಮತ್ತೆ ಅವರೆಕಾಯಿಗೆ ಕೈಹಾಕಿದಳು. "ಅಕ್ಕಂಗೆ ಗೊತ್ತು."