ಹೂರಣದ ಕೈ

ಎಲ್ಲಿ ಕೈ ಕಟ್ಟಬೇಕು, ಎಲ್ಲಿ ಕೈ ಮುಗಿಯಬೇಕು ಎಂದು ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಡುವವಳು ನಾನು. ಆದರೆ ನನ್ನ ಕೈಯನ್ನೇ ಎಲ್ಲಿಡಬೇಕೆಂದು ತಿಳಿಯದೆ ನಾಚಿಕೆಪಡುವ ಪ್ರಸಂಗಗಳು ನಿಲ್ಲುವುದೇ ಇಲ್ಲ. ತಂಗಿಯ ಮಗ ಇಂಡೋನೇಷ್ಯಾದ ನೂಲಿನ ಗಿರಣಿಯಲ್ಲಿ ಕೆಲಸಕ್ಕಿದ್ದವನು, ಅಲ್ಲಿಯ ಹುಡುಗಿಯನ್ನೇ ಮದುವೆಯಾಗಿ ಹೊಸದುರ್ಗಕ್ಕೆ ಕರೆತಂದ ಮೇಲಂತೂ ಅವು ಹೆಚ್ಚೇ ಆದವು.

೧

ಚಿಕ್ಕಜಾಜೂರಿನಲ್ಲಿ ರೈಲು ಇಳಿದವಳೇ ಸೊಸೆ ಬಗ್ಗಿ, ತಂಗಿಯ ಗಂಡನ ಬಲಗೈ ಹಿಡಿದು ಹಣೆಗೆ ಒತ್ತಿಕೊಳ್ಳಲು ಹೋದಳು. ಹಿರಿಯರಿಗೆ ಅವರ ಕಡೆ ನಮಸ್ಕಾರ ಮಾಡುವುದು ಹಾಗೆ. ಇವರ ಮುಷ್ಟಿಯಲ್ಲಿ ಹುರಿದ ಶೇಂಗಾ ಇತ್ತು. ಹುಡುಗಿಗೆ ಹಸಿವಾಗಿರಬೇಕೆಂದು ಮುಷ್ಟಿ ಬಿಚ್ಚಿದರು.

"ತಗಳವ್ವ, ನಾಚ್ಕಬ್ಯಾಡ. ಜೇಬಲ್ಲಿ ಇನ್ನೂ ಅವೆ."

ನಾನು ಸಾಮಾನಿನ ಹಿಂದೆ ನಿಂತಿದ್ದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಹೊಸ ಮದುಮಕ್ಕಳಿಗೆ ಎದುರಾಗುವುದನ್ನು ಬಿಟ್ಟಿದ್ದೇನೆ. ಬಿಡು ಎಂದು ಯಾರೂ ಹೇಳಿರಲಿಲ್ಲ. ಹೇಳಲಿ ಎಂದು ನಾನೂ ಕಾಯಲಿಲ್ಲ. ಹಣೆಯ ಮೇಲೆ ಶೇಂಗಾ ಸಿಪ್ಪೆ ಅಂಟಿಸಿಕೊಂಡೇ ಸೊಸೆ ನನ್ನ ಕಡೆ ಬಂದಾಗ, ಕೈ ಕೊಡದಿರಲು ಎರಡೂ ಕೈಗೆ ಒಂದೊಂದು ಬ್ಯಾಗ್ ಎತ್ತಿಕೊಂಡು ಸರಸರ ನಡೆದೆ.

ಹಿಂದಿನಿಂದ ಯಾರೋ ಕೂಗಿದರು: "ಏ ಅವ್ವಾ, ನಿಂತ್ಕಳ್ರಿ! ಅದು ನನ್ ಬ್ಯಾಗು!"

೨

ಕೂತ ಹಿರಿಯರ ಮುಂದೆ ಹಾದುಹೋಗುವಾಗ ಸೊಸೆ ಸೊಂಟ ಬಗ್ಗಿಸಿ, ಬಲಗೈಯನ್ನು ನೆಲದ ಕಡೆ ಚಾಚಿ ನಡೆಯುತ್ತಾಳೆ. ಅದೂ ಮರ್ಯಾದೆಯೇ. ಅವಳನ್ನು ನೋಡಲು ಬಂದಿದ್ದ ಪಕ್ಕದ ಮನೆಯಾಕೆ, "ಪಾಪ, ಏನೋ ಕಳ್ಕಂಡೈತೆ ಹುಡುಗಿ" ಎಂದು ನೆಲಕ್ಕೆ ಮಂಡಿಯೂರಿದಳು. ನಾನೂ ಕನ್ನಡಕ ಸರಿಮಾಡಿಕೊಂಡು ಮಂಚದ ಕೆಳಗೆ ತೂರಿದೆ. ನಮ್ಮನ್ನು ನೋಡಿ ಗಾಬರಿಯಾದ ಸೊಸೆಯೂ ಹುಡುಕತೊಡಗಿದಳು. ಏನನ್ನು ಎಂಬುದು ಮೂವರಿಗೂ ಗೊತ್ತಿರಲಿಲ್ಲ.

ಸಿಕ್ಕಿದ್ದು, ತಂಗಿ ಹೋದ ವರ್ಷ ಕಳೆದುಕೊಂಡಿದ್ದ ಮೂಗುಬೊಟ್ಟು.

"ನೋಡಿದ್ರಾ ಕಾಲ್ಗುಣ!" ಎಂದಳು ಪಕ್ಕದ ಮನೆಯಾಕೆ. ನಾನು ಮಂಚದ ಕೆಳಗಿನಿಂದಲೇ ಹೌದು ಎಂದೆ. ಹೊರಗೆ ಬರಲು ಆಗುತ್ತಿರಲಿಲ್ಲ.

೩

ಮದುಮಕ್ಕಳಿಗೆ ಆರತಿ ಮಾಡುವ ದಿನ ಹಿರಿಯರನ್ನೆಲ್ಲ ನಡುಮನೆಯಲ್ಲಿ ಸಾಲಾಗಿ ಕೂರಿಸಿದ್ದರು. ನಾನು ಅಡುಗೆಮನೆಯಲ್ಲಿ ಹೋಳಿಗೆಗೆ ಹೂರಣದ ಉಂಡೆ ಕಟ್ಟುತ್ತಿದ್ದೆ. ಸಕ್ಕರೆ ಹಾಕಿದ, ಹಳದಿ ಹೂರಣ.

"ಮೊದ್ಲು ದೊಡ್ಡಮ್ಮಂಗೆ ನಮಸ್ಕಾರ ಮಾಡ್ಲಿ" ಎಂದ ಹುಡುಗ.

ತಮ್ಮ ಯಜಮಾನರ ಪಕ್ಕ ಕೂತಿದ್ದ ತಂಗಿಯ ಅತ್ತೆ ತಡೆದರು. "ಆಕೆ ಒಳಗೇ ಇರ್ಲಿ ಬಿಡಪ್ಪ. ಶುಭಕಾರ್ಯದಾಗೆ ಯಾಕೆ?"

ಆ ಮಾತು ನನಗೆ ಕೇಳಿಸಿತೆಂದು ಯಾರಿಗೂ ತಿಳಿಯಬಾರದೆಂದು ಪಾತ್ರೆ ಸದ್ದು ಮಾಡಿದೆ. ಸೊಸೆಗೆ ಕನ್ನಡ ಬಾರದು, ಸದ್ದು ತಿಳಿಯುತ್ತದೆ. ನೇರ ಒಳಗೆ ಬಂದಳು.

"ಬ್ಯಾಡಮ್ಮ, ಕೈ ಹೊಲಸಾಗೈತೆ" ಎಂದು ಕೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟೆ. ಅವಳು ಅಲ್ಲಿಂದಲೇ ಅದನ್ನು ಹಿಡಿದು ತಂದು ಹಣೆಗೆ ಒತ್ತಿಕೊಂಡಳು. ನನ್ನ ಕೈಯನ್ನು ಒಬ್ಬರು ಹಾಗೆ ಹಿಡಿದು ಬಹಳ ಕಾಲವಾಗಿತ್ತು. ಏನಾದರೂ ಹೇಳುವ ಮೊದಲೇ ಅವಳು ಹೊರಗೆ ಹೋಗಿಬಿಟ್ಟಳು.

ತಂಗಿಯ ಅತ್ತೆ ಅವಳ ಗಲ್ಲ ಹಿಡಿದು ಮುಖ ಎತ್ತಿದರು. "ಹಣೆಗೆ ಎಷ್ಟು ಲಕ್ಷಣವಾಗಿ ಅರಿಷಿಣ ಹಚ್ಚವ್ರೆ ನೋಡ್ರಿ! ಯಾರೋ ಪುಣ್ಯವಂತೆ, ದೊಡ್ಡ ಮುತ್ತೈದೆ!" ಎನ್ನುತ್ತ, ಅದರಲ್ಲೇ ಒಂದಿಷ್ಟನ್ನು ಬೆರಳಿನಿಂದ ತೆಗೆದು ತಮ್ಮ ಕೆನ್ನೆಗೂ ಬಳಿದುಕೊಂಡರು. ತುಟಿಗೂ ತಾಗಿರಬೇಕು. ನಾಲಿಗೆ ಆಡಿಸಿದರು. ಇನ್ನೊಮ್ಮೆ ಆಡಿಸಿದರು.

ಬಾಗಿಲ ಮರೆಯಿಂದ ನೋಡುತ್ತಿದ್ದ ನಾನು ಕೈಯನ್ನು ಸೆರಗಿಗೆ ಒರೆಸಿಕೊಂಡೆ.

"ಲೇ ಟೀಚರಮ್ಮ, ಒಳಗೇನ್ ಮಾಡ್ತಿ? ಹೊರಗೆ ಬಾ ಇಲ್ಲಿ" ಎಂದರು ತಂಗಿಯ ಅತ್ತೆ. "ಸಕ್ರೆ ಕಮ್ಮಿ ಆಗೈತೆ."